ಫರ್ಸಿ ಅಂಗಳ ಮತ್ತು ನೀರು ಕುಡಿಯದ ನಾಯಿ

ಏಪ್ರಿಲ್ ೨೧, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷ. ನಮ್ಮ ನಾಯಿ ಹಾಲು-ರೊಟ್ಟಿಯನ್ನೂ ಮೂಸದೆ ಪಡಸಾಲೆಯಲ್ಲಿ ಅಡ್ಡಬಿದ್ದಿತ್ತು. ನಾಲಿಗೆ ಹೊರಗೆ, ಬಾಯ ತುಂಬ ಅಂಟು ಜೊಲ್ಲು. ವಯಸ್ಸು ಒಂಬತ್ತು, ಮೈತುಂಬ ದಟ್ಟ ಕರಿ ಕೂದಲು. ಶಹಾಬಾದಿನ ಬಿಸಿಲಿಗೆ ಹೇಳಿ ಮಾಡಿಸಿದ ಪ್ರಾಣಿಯಲ್ಲ.

ಬೇಸಿಗೆ ಶುರುವಾದಾಗಿನಿಂದ ಅದು ಕುಡಿಯುವ ನೀರನ್ನು ಬರೆದಿಡುತ್ತಿದ್ದೆ. ಅಂಗಳದ ಆಚೆ ತುದಿಗೆ, ಬೇವಿನ ನೆರಳಲ್ಲಿ ನೀರು ತುಂಬಿಡುವ ಒಂದು ಕಲ್ಲಿನ ದೋಣಿ ಇದೆ. ಲೆಕ್ಕ ತಪ್ಪಬಾರದೆಂದು ಮನೆಯ ಬೇರೆ ನೀರಿನ ಪಾತ್ರೆಗಳನ್ನೆಲ್ಲ ನಾನೇ ಎತ್ತಿಟ್ಟಿದ್ದೆ. ನಾಲ್ಕು ದಿನಗಳಿಂದ ವಹಿಯಲ್ಲಿ ಒಂದೇ ಬರಹ: ಬೆಳಗ್ಗೆ ಎರಡು ಲೋಟ, ರಾತ್ರಿ ಮೂರು, ನಡುವೆ ಸೊನ್ನೆ.

ದೋಣಿಯ ಹತ್ತಿರ ನಿಂತು ಕರೆದೆ. ಎದ್ದು ಬಂತು. ಪಡಸಾಲೆಯ ಅಂಚಿನಿಂದ ಒಂದು ಮುಂಗಾಲು ಕೆಳಗಿಟ್ಟು, ಕುಂಯ್ ಎಂದು ಹಿಂದಕ್ಕೆ ಎಳೆದುಕೊಂಡಿತು. 'ಮುಂಗಾಲು ನೋವು?' ಎಂದು ಬರೆದುಕೊಂಡೆ.

ತೆಂಗಳಿಯಿಂದ ಬಂದಿದ್ದ ಆಯಿ, ನನ್ನ ಅಮ್ಮನ ತಾಯಿ, ಪಡಸಾಲೆಯಲ್ಲಿ ಕುಂತಲ್ಲಿಂದಲೇ ನೋಡುತ್ತಿದ್ದಳು.

"ಯವ್ವಾ, ಏನ್ ಬರೀಲಿಕತ್ತಿ?"

"ನಾಯಿ ನೀರು ಕುಡಿವಲ್ದು ಆಯಿ. ಕಾಲಿಗೆ ಏನೋ ಆಗ್ಯಾದ."

"ಚಪ್ಪಲ್ ಬಿಟ್ಟು ಇಲ್ಲಿತನಕ ಬಾ, ಅದರ ಕಾಲಿಗೇನಾಗ್ಯಾದ ನಿನಗೇ ತಿಳೀತದ."

ಬಿಟ್ಟೆ. ಮೂರನೇ ಹೆಜ್ಜೆಗೆ ಕುಣಿದೆ, ಐದನೆಯದಕ್ಕೆ ಚೀರಿದೆ. ಅಂಗಳಕ್ಕೆಲ್ಲ ಹಾಸಿದ ಫರ್ಸಿ ಕಲ್ಲು ಕಾದ ಹಂಚಾಗಿತ್ತು. ನೀರಿಟ್ಟದ್ದು ನೆರಳಲ್ಲಿ, ಸರಿ. ಅಲ್ಲಿಗೆ ಹೋಗುವ ದಾರಿಯನ್ನು ಚಪ್ಪಲಿ ಹಾಕಿಕೊಂಡೇ ನೋಡಿದ್ದೆ.

"ನಮ್ಮೂರಾಗ ಮಣ್ಣಿನ ಅಂಗಳ, ನಾಯಿ ತಾನೇ ಹೋಗಿ ಕುಡೀತದ," ಎಂದು ಆಯಿ ನಕ್ಕಳು. "ಇಲ್ಲಿ ನಾಯಿ ಒಣಗಲಿಕತ್ತದ, ನಿನ್ನ ವಹಿ ಭಾಳ ಛಂದ ತುಂಬಲಿಕತ್ತದ!"

ಎತ್ತಿಟ್ಟ ಬೋಗುಣಿಯಲ್ಲಿ ನೀರು ತಂದು ಅದರ ಮೂಗಿನ ಮುಂದಿಟ್ಟೆ. ಅಳೆಯಲಿಲ್ಲ. ಪಶುವೈದ್ಯರಿಗೆ ಫೋನ್ ಮಾಡಿದೆ. "ಒಮ್ಮೆಲೇ ಬ್ಯಾಡ, ಸ್ವಲ್ಪ ಸ್ವಲ್ಪ ಕುಡಿಸ್ರಿ. ಹೊಟ್ಟಿ, ಪಾದ ತೋಯಿಸ್ರಿ, ಬರ್ಫ್ ಹಚ್ಚಬ್ಯಾಡ್ರಿ. ಗಾಳಿ ಹಾಕ್ರಿ. ಒಂದು ತಾಸಿನಾಗ ಚೇತರಿಸಲಿಲ್ಲಂದ್ರ ತಡ ಮಾಡದೆ ಕರಕೊಂಡು ಬರ್ರಿ," ಎಂದರು.

ಆ ಒಂದು ತಾಸು ನಾನು ಏನನ್ನೂ ಬರೆಯಲಿಲ್ಲ. ಆಯಿ ಸೆರಗಿನಿಂದ ಗಾಳಿ ಹಾಕಿದಳು, ನಾನು ಹೊಟ್ಟೆ ತೋಯಿಸಿದೆ. ಎರಡು ಗಂಟೆಯ ಹೊತ್ತಿಗೆ ಅದು ಎದ್ದು ಕುಂತು, ಆಯಿಯ ಮುಖಕ್ಕೆ ಹಸಿ ಮೈ ಝಾಡಿಸಿ, ಬಿಟ್ಟಿದ್ದ ರೊಟ್ಟಿ ತಿಂದಿತು. "ಛೀ, ಮುದುಕಿ ಮೈ ತೊಳೀತಿಯೇನು!" ಎಂದು ಆಯಿ ಬೈದದ್ದು ಓಣಿಗೆಲ್ಲ ಕೇಳಿಸಿತು.

ಈಗ ಪಡಸಾಲೆಯಲ್ಲೇ ಎರಡು ಬೋಗುಣಿ. ಪಡಸಾಲೆಯಿಂದ ಬೇವಿನವರೆಗೆ ಒದ್ದೆ ಗೋಣಿಚೀಲದ ದಾರಿ, ಒಟ್ಟು ಹನ್ನೊಂದು ಚೀಲ. ವಹಿಯಲ್ಲಿ ಹೊಸದೊಂದು ಸಾಲು: ಬರಿಗಾಲು. ದಿನಾ ಒಂದು ಗಂಟೆಗೆ ಚೀಲದ ಮೇಲೆ ನಿಂತು ಹತ್ತರವರೆಗೆ ಎಣಿಸುತ್ತೇನೆ. ನನ್ನ ಕಾಲು ಬಿಸಿ ತಡೆದುಕೊಂಡರೆ ನಾಯಿಗೆ ದಾರಿ ಬಿಡುತ್ತೇನೆ. ಕಷ್ಟ ಒಂದೇ, ಚೀಲ ಇಪ್ಪತ್ತು ನಿಮಿಷಕ್ಕೆ ಒಣಗಿಬಿಡುತ್ತದೆ. ಫರ್ಸಿ ಅಂಗಳದಲ್ಲಿ ನಾಯಿ ಸಾಕಿದವರು ವಾಡಿ, ಚಿತ್ತಾಪುರ, ಸೇಡಂ ಕಡೆ ಬಹಳ ಮಂದಿ ಇದ್ದೀರಿ. ಇದಕ್ಕಿಂತ ಹೆಚ್ಚು ಹೊತ್ತು ತಂಪು ಹಿಡಿಯುವುದು ಏನಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಬರಿಗಾಲಲ್ಲಿ ನಿಂತು ನೋಡಿಯೇ ಬರೆಯಿರಿ.