ಸಮುದ್ರದ ಡಬ್ಬಿಗೆ ಬಿದ್ದ ಮುಡುಪು

ಮಗಳ ಹೆರಿಗೆ ಸುಸೂತ್ರವಾಗಲೆಂದು ಹಳದಿ ಬಟ್ಟೆಯಲ್ಲಿ ಕಟ್ಟಿದ್ದ ಮುಡುಪನ್ನು ಜೇಬಿನಲ್ಲಿಟ್ಟುಕೊಂಡು ಘಾಟಿ ಸುಬ್ರಹ್ಮಣ್ಯಕ್ಕೆ ಹೊರಟಿದ್ದೆ. ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗಿ ಬೀಗ ಹಾಕಿದ ಡಬ್ಬಿ ಹಿಡಿದು ಬಂದಳು.

“ಯಜಮಾನ್ರೇ, ಸರ್ಕಾರಿ ಶಾಲೆ ಮಕ್ಕಳಿಗೆ ಸಮುದ್ರದ ವಿಜ್ಞಾನ ಹೇಳ್ಕೊಡ್ತೀವಿ. ಕೈಲಾದಷ್ಟು ಹಾಕಿ.”

ಬಸ್ಸು ಹೊರಡುವ ಅವಸರ. ಜೇಬಿನ ಚಿಲ್ಲರೆಯನ್ನೆಲ್ಲ ಬಾಚಿ ಹಾಕಿದೆ. ಜೊತೆಗೆ ಹಳದಿ ಗಂಟೂ ಹೋಯಿತು.

“ಅಯ್ಯೋ ತಾಯಿ, ಅದು ದೇವರದ್ದು ಕಣಮ್ಮ!”

“ಬೀಗದ ಕೈ ಬೆಂಗಳೂರಲ್ಲಿದೆ. ಮಕ್ಕಳಿಗೇ ತಾನೇ ಹೋಗೋದು, ಬಿಡಿ.”

“ನನ್ನ ಮಗಳ ಹೆರಿಗೆಯದ್ದೇ ನನಗೆ ಭಯ!”

ಸ್ವಾಮಿಯ ಮುಂದೆ ಬರಿಗೈಲಿ ನಿಂತು ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡೆ. ಹೆರಿಗೆಯಾಗುವವರೆಗೂ ಫೋನ್ ಸದ್ದಾದರೆ ಸಾಕು, ಬೆವರುತ್ತಿದ್ದೆ.

ತಾಯಿ ಮಗು ಕ್ಷೇಮ. ಈಗ ಘಾಟಿಗೆ ಹೋದಾಗಲೆಲ್ಲ ಹುಂಡಿಗೂ ಹಾಕುತ್ತೇನೆ, ಆ ಹುಡುಗಿ ಕಂಡರೆ ಡಬ್ಬಿಗೂ ಹಾಕುತ್ತೇನೆ. ಕಾಪಾಡಿದ್ದು ಯಾವುದೋ ಗೊತ್ತಿಲ್ಲ. ಒಂದನ್ನೂ ನಿಲ್ಲಿಸುವ ಧೈರ್ಯ ನನಗಿಲ್ಲ.