ಗಂಡಿನ ತಾಯಿ ಕುಡಿಯದ ಚಹಾ

ನಮ್ಮವ್ವನಿಗೆ ಯಾರೂ ಏನೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಎದುರಿನವರ ಮನಸ್ಸಿನಲ್ಲಿರುವುದು ತನಗೆ ತಾನೇ ತಿಳಿಯುತ್ತದೆಂದು ನಂಬಿದ್ದಳು. ನಳದ ಹತ್ತಿರ ಪಕ್ಕದ ಮನೆಯಾಕೆ ಮಾತಾಡಿಸದಿದ್ದರೆ ಆಕೆಗೆ ನಮ್ಮನ್ನು ಕಂಡರೆ ಹೊಟ್ಟೆಕಿಚ್ಚು. ಹಲ್ಲುನೋವಿದ್ದೀತು ಎಂದರೆ ನನಗೇ ಬೈಗುಳ. ಕೇಳಿ ಕೇಳಿ ನನಗೆ ತಲೆಚಿಟ್ಟು ಹಿಡಿದಿತ್ತು.

ಎಪ್ಪತ್ತರ ದಶಕದ ಕೊನೆ. ಅಕ್ಕನನ್ನು ನೋಡಲು ದೇವದುರ್ಗದವರು ಮಾನ್ವಿಯ ನಮ್ಮ ಮನೆಗೆ ಬಂದರು. ಹುಡುಗ ಅಕ್ಕನಿಗೆ ಹಿಡಿಸಿದ. ಅಡುಗೆಮನೆಯಲ್ಲಿ ನನ್ನ ಕೈ ಹಿಸುಕಿ ಹೇಳಿದಳು ಕೂಡ. ಆದರೆ ಹುಡುಗನ ತಾಯಿ ಉಪ್ಪಿಟ್ಟು ತಿಂದರು, ಚಹಾ ಮುಟ್ಟಲಿಲ್ಲ. "ಒಲ್ಲೆರಿ" ಎಂದಷ್ಟೇ ಹೇಳಿ ಕಪ್ಪು ಸರಿಸಿಟ್ಟರು.

ಅವರಿನ್ನೂ ಬಸ್ಸು ಹತ್ತಿರಲಿಲ್ಲ, ಅವ್ವನ ತೀರ್ಪು ಆಗಿಹೋಗಿತ್ತು.

"ನಮ್ಮ ಹುಡುಗಿ ಕಪ್ಪಂತ ಅಕಿ ಮನಸ್ಸಿಗಿ ಬಂದಿಲ್ಲ. ಇಲ್ಲಂದ್ರ ಚಾ ಯಾಕ ಬಿಡ್ತಿದ್ಲು?"

"ತಡಿ ಯವ್ವಾ, ಅವರ ಬಾಯಿಲೇ ಕೇಳೂನು," ಎಂದೆ.

"ಕೇಳಿ ಮಾನ ಕಳಕೊಳ್ಳೋದೇನು?"

ನಾವೇ ಒಲ್ಲೆವೆಂದು, ಸಂಬಂಧ ತಂದಿದ್ದ ಸೋದರಮಾವನ ಕೈಯಲ್ಲಿ ಮರುದಿನವೇ ಹೇಳಿ ಕಳಿಸಿದಳು. 

ಮುಂದಿನ ವರ್ಷ ರಾಯಚೂರಿನ ಬಟ್ಟೆ ಅಂಗಡಿಯೊಂದರಲ್ಲಿ ಆ ತಾಯಿ ನನ್ನ ಗುರುತು ಹಿಡಿದರು. ಮಗನಿಗೆ ಕವಿತಾಳದ ಹುಡುಗಿ ನಿಶ್ಚಯವಾಗಿ, ಸೀರೆ ಕೊಳ್ಳಲು ಬಂದಿದ್ದರು.

"ನಿಮ್ಮಕ್ಕ ಭಾಳ ಮನಸ್ಸಿಗಿ ಬಂದಿದ್ಲು ನೋಡವಾ. ಮಗನ ಲಗ್ನ ಗಟ್ಟಿ ಆಗೋತನಕ ಚಾ ಮುಟ್ಟಂಗಿಲ್ಲಂತ ಹರಕಿ ಹೊತ್ತಿದ್ದೆ. ಹರಕಿ ಮಂದಿ ಮುಂದ ಆಡಬಾರದಲ್ಲ, ಅದಕ್ಕ ಸುಮ್ಮನಿದ್ದೆ. ಆಮ್ಯಾಲ ನೀವ ಒಲ್ಲೆ ಅಂದ್ರಿ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅರ್ಧ ಕಂಡು, ಉಳಿದರ್ಧ ತಾನೇ ಕಟ್ಟಿ, ಕಟ್ಟಿದ್ದನ್ನೇ ಕಣ್ಣಾರೆ ಕಂಡೆ ಎನ್ನುವ ಈ ಚಾಳಿಗೆ ಯಾವ ಡಾಕ್ಟರ ಹತ್ತಿರ ಔಷಧಿ ಇದೆ? ಅಕ್ಕನಿಗೆ ಇನ್ನೂ ಎಲ್ಲಿಯೂ ಸಂಬಂಧ ಕೂಡಿಬಂದಿರಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಒದರಿದೆ. ಅವ್ವ ಪುಂಡಿಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದವಳು ತಲೆ ಸಹ ಎತ್ತಲಿಲ್ಲ.

"ಹರಕಿ ಹೊರೂವಂಗ ಆಗೇದ ಅಂದ್ರ ಹುಡುಗನಾಗ ಏನೋ ಐಬು ಇರಬೇಕು. ಚಲೋ ಆತು ಬಿಡು."

ನಾನು ಹಣೆ ಹಣೆ ಬಡಿದುಕೊಂಡೆ. ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಬಂದಳು. ದನಿ ಏರಿಸಲಿಲ್ಲ.

"ಯವ್ವಾ, ಅವರವ್ವನ ಮನಸ್ಸು ನಿನಗ ತಿಳೀತು. ಹುಡುಗನ ಐಬೂ ತಿಳೀತು. ನನಗ ಅಂವ ಬೇಕಾಗಿದ್ದ. ಅದೊಂದ ಹೆಂಗ ತಿಳೀಲಿಲ್ಲ?"