ಒಂದು ಒಲೆ, ಒಂದು ಕಾರ್ಡು: ಪಾಣೆಮಂಗಳೂರಿನ ಶಂಕರಿಯವರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಹೋದವರ ಹೆಸರುಗಳ ಜೊತೆಗೆ ಹೋಗದೆ ಇಲ್ಲೇ ಕುಳಿತವರೊಬ್ಬರ ಹೆಸರನ್ನೂ ಅವರು ಬರೆಯಬೇಕಾಗುತ್ತದೆ. ಪಾಣೆಮಂಗಳೂರು ಪೇಟೆಯ ಅಬ್ದುಲ್ ಸಲಾಂ ಸಾಹೇಬರ ಟ್ರಾವೆಲ್ ಏಜೆನ್ಸಿಯಲ್ಲಿ ಹದಿನೆಂಟು ವರ್ಷ ಒಂದೇ ಮೇಜಿನ ಹಿಂದೆ ಕುಳಿತು, ಸಾವಿರಾರು ಮಂದಿಗೆ ವಿಮಾನದ ಟಿಕೆಟು ಬರೆದುಕೊಟ್ಟು, ೨೦೦೯ರ ಈ ಮಾರ್ಚ್ ಕೊನೆಗೆ ನಿವೃತ್ತರಾಗುತ್ತಿರುವ ಶ್ರೀಮತಿ ಶಂಕರಿಯವರೇ ಆ ಒಬ್ಬರು. ಟಿಕೆಟು ಬರೆಯುವವರಿಗೂ ಅಭಿನಂದನ ಗ್ರಂಥವೇ ಎಂದು ಹುಬ್ಬೇರಿಸಿದವರು ನಮ್ಮ ಸಮಿತಿಯಲ್ಲೇ ಇದ್ದರು. ಅವರು ದಯವಿಟ್ಟು ಈ ಲೇಖನವನ್ನು ಕೊನೆಯವರೆಗೆ ಓದಬೇಕು.

ಬಂಟ್ವಾಳದ ವಕೀಲರೊಬ್ಬರ ಕಚೇರಿಯಲ್ಲಿ ಹದಿನೈದು ವರ್ಷ ಟೈಪಿಸ್ಟ್ ಆಗಿದ್ದ ಶಂಕರಿಯವರು ಏಜೆನ್ಸಿಗೆ ಬಂದದ್ದು ೧೯೯೧ರಲ್ಲಿ. ಕುವೈತಿನ ಯುದ್ಧ ಮುಗಿದು, ಕೈಚೀಲವೊಂದನ್ನೇ ಹಿಡಿದು ಮರಳಿದವರು ಮತ್ತೆ ಹೊರಡುವ ದಾರಿ ಹುಡುಕುತ್ತಿದ್ದ ಕಾಲ ಅದು. ಬಿಟ್ಟು ಬಂದ ಸಾಮಾನುಗಳ ಪರಿಹಾರಕ್ಕೆ ಅರ್ಜಿ ಹಾಕಬೇಕಾದವರು ಟಿಕೆಟು ಕೊಳ್ಳದಿದ್ದರೂ ಅವರ ಅರ್ಜಿಯನ್ನು ಟೈಪು ಮಾಡಿಕೊಟ್ಟು, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿ ಕಳುಹಿಸಿದರು. ಮಂಗಳೂರಿನಿಂದ ಆಗ ಕೊಲ್ಲಿಗೆ ವಿಮಾನವಿರಲಿಲ್ಲ. ಬಸ್ಸು ಹಿಡಿದು ಮುಂಬೈಗೆ ಹೋಗಿ, ಅಲ್ಲಿನ ಜನಜಂಗುಳಿಯಲ್ಲಿ ತನ್ನ ಬಾಗಿಲು ಯಾವುದೆಂದು ಹುಡುಕಬೇಕಿತ್ತು. ಮೊದಲ ಸಲ ಹೊರಟವರಿಗೆ ಶಂಕರಿಯವರು ಇಡೀ ದಾರಿಯನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನೊಳಗೆ ಇಟ್ಟುಕೊಡುತ್ತಿದ್ದರು. ಗಂಡನ ಬಳಿಗೆ ಹೊರಟ ಹೆಣ್ಣುಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ, ಸೊಂಟಕ್ಕೆ ಬೈರಾಸು, ಅಂದರೆ ಟವೆಲು, ಕಟ್ಟಿ, ಸೀಟಿನ ಬೆಲ್ಟು ಹಾಕುವುದು ಹೇಗೆಂದು ತೋರಿಸುತ್ತಿದ್ದರು. ಒಮ್ಮೆಯೂ ವಿಮಾನ ಹತ್ತದ ನೀವು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ನಾವು ಸಹೋದ್ಯೋಗಿಗಳು ಕೆಣಕಿದರೆ, ಹತ್ತಿ ಇಳಿದವರನ್ನು ಸರಿಯಾಗಿ ಕೇಳಿಕೊಂಡರೆ ಸಾಕು ಎನ್ನುತ್ತಿದ್ದರು.

ಆದರೆ ಒಂದು ವಿಷಯದಲ್ಲಿ ಅವರು ಯಾರನ್ನೂ ಕೇಳಲಿಲ್ಲ. ಈ ಲೇಖನ ಅದರ ಬಗ್ಗೆಯೇ.

೧೯೯೪ರಲ್ಲಿ ಕೊಲ್ಲಿಯ ಕಡೆಗೆ ಹಾರುವ ಒಂದು ವಿಮಾನ ಕಂಪೆನಿ ತನ್ನ ಕಾಯಂ ಪ್ರಯಾಣಿಕರಿಗೆ ಸದಸ್ಯತ್ವದ ಕಾರ್ಡು ಕೊಡಲು ಆರಂಭಿಸಿತು. ಕಂಪೆನಿಯ ಹೆಸರು ಇಲ್ಲಿ ಬೇಡವೆಂದು ಶಂಕರಿಯವರೇ ಹೇಳಿದ್ದಾರೆ. ಪ್ರತಿ ಪ್ರಯಾಣಕ್ಕೂ ಇಷ್ಟು ಪಾಯಿಂಟು, ಸಾಕಷ್ಟು ಪಾಯಿಂಟು ಸೇರಿದರೆ ಒಂದು ಟಿಕೆಟು ಬಿಟ್ಟಿ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ನಮ್ಮ ಊರಿನವರಿಗೆ ಒಬ್ಬೊಬ್ಬರಾಗಿ ಅಷ್ಟು ಪಾಯಿಂಟು ಸೇರಬೇಕಾದರೆ ತಲೆ ಹಣ್ಣಾಗಬೇಕು. ಶಂಕರಿಯವರು ಇದಕ್ಕೊಂದು ಸುಲಭದ ದಾರಿ ಕಂಡುಕೊಂಡರು. ರೇಶನ್ ಕಾರ್ಡು ಮನೆಗೊಂದು ಇರುವ ಹಾಗೆ ಇದೂ ಮನೆಗೊಂದು ಇರಲಿ. ಹಿರಿಯ ಮಗನ ಹೆಸರಿನಲ್ಲಿ ಕಾರ್ಡು ಮಾಡಿಸಿ, ತಮ್ಮಂದಿರೂ ಅಳಿಯಂದಿರೂ ಅದೇ ನಂಬರು ಕೊಡಲಿ. ಹೀಗೆ ಅವರು ಎಲ್ಲರಿಗೂ ಹೇಳಿದರು, ಎಲ್ಲರೂ ಹಾಗೆಯೇ ಮಾಡಿದರು. ನಂಬರಿನ ಜೊತೆ ಹೆಸರನ್ನೂ ತಾಳೆ ನೋಡುವ ವ್ಯವಸ್ಥೆ ಆಗ ಕಂಪೆನಿಯಲ್ಲೂ ಇರಲಿಲ್ಲವಾದ್ದರಿಂದ ಪಾಯಿಂಟುಗಳು ಸಲೀಸಾಗಿ ಸೇರುತ್ತ ಹೋದವು.

ನರಿಕೊಂಬಿನ ರುಖಿಯಮ್ಮನವರ ಮನೆಯ ಕಾರ್ಡು ಅವುಗಳಲ್ಲೊಂದು. ಅಬ್ದುಲ್ ಹಕೀಂ, ಶಮೀರ್, ಇರ್ಷಾದ್ ಮೂವರು ಮಕ್ಕಳೂ ಎಂಟು ವರ್ಷ ಹಕೀಮರ ನಂಬರಿನಲ್ಲೇ ಹೋಗಿ ಬಂದರು. ಪಾಯಿಂಟು ಸೇರಿದಾಗ ತಾಯಿಯನ್ನು ಮೆಕ್ಕಾದ ಉಮ್ರಾ ಯಾತ್ರೆಗೆ ಕಳುಹಿಸುವುದೆಂದು ಮೊದಲೇ ಮಾತಾಗಿತ್ತು. ರುಖಿಯಮ್ಮನವರು ಪೇಟೆಗೆ ಬಂದಾಗಲೆಲ್ಲ ಏಜೆನ್ಸಿಗೆ ಇಣುಕಿ, ಎಲ್ಲಿಯವರೆಗೆ ಬಂತು ಎಂದು ವಿಚಾರಿಸಿ ಹೋಗುತ್ತಿದ್ದರು.

೨೦೦೨ರ ಡಿಸೆಂಬರಿನಲ್ಲಿ ಕಂಪೆನಿಯಿಂದ ಎರಡು ಪುಟದ ಸುತ್ತೋಲೆ ಬಂತು. ಇನ್ನು ಮುಂದೆ ಪಾಯಿಂಟು ಪಾಸ್‌ಪೋರ್ಟಿನ ಹೆಸರಿಗೆ ಮಾತ್ರ. ಬೇರೆಯವರ ಪ್ರಯಾಣದಿಂದ ಸೇರಿದ ಪಾಯಿಂಟುಗಳನ್ನು ಮಾರ್ಚ್ ಮೂವತ್ತೊಂದರ ನಂತರ ಅಳಿಸಲಾಗುವುದು. ಬಿಟ್ಟಿ ಟಿಕೆಟಿಗೆ ಬೇಕಾದ ಪಾಯಿಂಟು ಏಪ್ರಿಲಿನಿಂದ ಒಂದೂವರೆ ಪಟ್ಟು. ಶಂಕರಿಯವರು ಅದನ್ನು ಎರಡು ಸಲ ಓದಿ, ಮಡಚಿ ಮೇಜಿನ ಮೇಲಿಟ್ಟು, ಆ ದಿನ ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ.

ಸುದ್ದಿ ಹರಡಿ, ಶುಕ್ರವಾರ ಜುಮ್ಮಾ ಮುಗಿಯುವ ಹೊತ್ತಿಗೆ ಏಜೆನ್ಸಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂಡುಬಿದಿರೆಯ ಉಮ್ಮರ್ ಅವರು ಕಂಪೆನಿಯ ಬಾಗಿಲಿನಲ್ಲೇ ಕಾರ್ಡುಗಳನ್ನು ಸುಡಬೇಕೆಂದರು. ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದ ಮುಂಡಾಜೆಯ ದೇವಿಪ್ರಸಾದ್ ಅವರು ಗ್ರಾಹಕರ ನ್ಯಾಯಾಲಯದ ಮೆಟ್ಟಿಲು ಹತ್ತುವ ಎಂದರು. ಕಂಪೆನಿಯನ್ನು ಬೈದು ಬಾಯಿ ಒಣಗಿದ ಮೇಲೆ ಜನ ಮೆಲ್ಲನೆ ಶಂಕರಿಯವರ ಕಡೆ ತಿರುಗಿದರು. ನೀವು ಹೇಳಿದಿರಿ, ನಾವು ಮಾಡಿದೆವು ಎಂಬ ಮಾತು ಎರಡು ಮೂರು ಬಾಯಿಗಳಿಂದ ಬಂತು. ನಫೀಸಮ್ಮ ಎಂಬ ಮುದುಕಿ ಮಾತ್ರ ತನ್ನ ಮನೆಯ ಕಾರ್ಡನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚಿತೆಂದು ಶಂಕರಿಯವರು ಇಂದಿಗೂ ಹೇಳುತ್ತಾರೆ.

ಸಲಾಂ ಸಾಹೇಬರು ಅನುಭವಸ್ಥರು. ಮಾರ್ಚ್‌ವರೆಗೆ ಸಮಯ ಉಂಟು, ಅಳಿಸುವ ಮೊದಲೇ ಟಿಕೆಟು ತೆಗೆದುಬಿಡುವ ಎಂದು ಸೂಚಿಸಿದರು. ಹಳೆಯ ಲೆಕ್ಕದಂತೆ ರುಖಿಯಮ್ಮನವರ ಮನೆಗೆ ಬೇಕಾದಷ್ಟು ಪಾಯಿಂಟು ಆಗಲೇ ಇತ್ತು. ಬೇಕಾದದ್ದು ಹಕೀಮರ ಸಹಿಯಿರುವ ಒಂದು ಫಾರಂ ಮಾತ್ರ, ಅದೂ ಸೌದಿಯ ದಮಾಮಿನಿಂದ ಅಂಚೆಯಲ್ಲಿ ಬಂದಾಗಿತ್ತು. ರುಖಿಯಮ್ಮನವರು ಅದನ್ನು ತಂದು, ಇದರಲ್ಲಿ ಏನು ಬರೆದಿದೆಯೆಂದು ಓದಿ ಹೇಳಲು ಕೇಳಿದರು. ಶಂಕರಿಯವರು ತುಳುವಿನಲ್ಲಿ ವಿವರಿಸುತ್ತ ಬಂದು, ಪ್ರಯಾಣವೆಲ್ಲ ಸಹಿ ಹಾಕಿದವರದ್ದೇ ಎಂಬ ಕೊನೆಯ ಸಾಲನ್ನು ಹೇಳಿ ನಿಂತರು.

“ಇಷ್ಟು ಸಲವೂ ಹಕೀಮ ಒಬ್ಬನೇ ಹೋದದ್ದು ಅಂತ ಬರೆದು ಉಂಟಾ?” ಎಂದು ರುಖಿಯಮ್ಮನವರು ಕೇಳಿದರು.

“ಹೌದು.”

“ಹಾಗಾದರೆ ಬೇಡ. ಸುಳ್ಳು ಹೇಳಿ ಅಷ್ಟು ದೂರ ಹೋಗಿ, ಅಲ್ಲಿ ಕೈ ಎತ್ತಿ ಏನು ಕೇಳುವುದು?”

ಸಿಟ್ಟಿಲ್ಲ, ಅಳುವಿಲ್ಲ. ಫಾರಮನ್ನು ಮೇಜಿನ ಮೇಲೆಯೇ ಬಿಟ್ಟು, ಮೀನು ಮಾರ್ಕೆಟಿಗೆ ಹೊತ್ತಾಯಿತೆಂದು ಹೇಳಿ ಹೊರಟರು. ಎಂಟು ವರ್ಷ ಕಾದ ಹೆಂಗಸು ಎರಡು ನಿಮಿಷದಲ್ಲಿ ಉಮ್ರಾವನ್ನು ಕೈಬಿಟ್ಟದ್ದನ್ನು ಕಂಡ ಶಂಕರಿಯವರಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ತಾನು ಹೇಳಿಕೊಟ್ಟ ತಪ್ಪಿಗೆ ಈ ತಾಯಿ ದಂಡ ತೆರುವುದು ಆಗಕೂಡದು, ಹಾಗೆಂದು ಅವರ ಕೈಯಲ್ಲಿ ಸುಳ್ಳು ಹೇಳಿಸುವುದೂ ಆಗಕೂಡದು. ಉಳಿದ ದಾರಿ ಒಂದೇ ಇತ್ತು, ಆ ಸಂಜೆಯೇ ಅವರು ಟೈಪ್‌ರೈಟರಿನ ಮುಂದೆ ಕುಳಿತರು.

ಪತ್ರದಲ್ಲಿದ್ದದ್ದು ಇಷ್ಟು. ಈ ಸದಸ್ಯರು ಯಾರೂ ಮೋಸ ಮಾಡಿದವರಲ್ಲ. ಒಂದು ಮನೆಗೆ ಒಂದು ಕಾರ್ಡು ಎಂದು ಹೇಳಿಕೊಟ್ಟವಳು ನಾನು. ನಮ್ಮಲ್ಲಿ ಒಂದು ಒಲೆಯಲ್ಲಿ ಉಣ್ಣುವವರಿಗೆ ಸರಕಾರವೇ ಒಂದು ಕಾರ್ಡು ಕೊಡುತ್ತದೆ. ಪಾಯಿಂಟುಗಳನ್ನು ಅಳಿಸುವ ಬದಲು ಇವರನ್ನು ಮನೆವಾರು ಸದಸ್ಯರೆಂದು ಪರಿಗಣಿಸಬೇಕು. ಯಾವ ಪ್ರಯಾಣ ಯಾರದ್ದೆಂದು ದಾಖಲೆ ಸಹಿತ ತೋರಿಸಲು ಸಿದ್ಧಳಿದ್ದೇನೆ.

ಓದಿದ ಸಲಾಂ ಸಾಹೇಬರ ಮುಖ ಸಪ್ಪಗಾಯಿತು. ಕಂಪೆನಿ ಮುನಿದು ಟಿಕೆಟು ಬರೆಯುವ ಖಾಲಿ ಪುಸ್ತಕಗಳನ್ನು ಹಿಂದಕ್ಕೆ ಪಡೆದರೆ ಏಜೆನ್ಸಿಯ ಬಾಗಿಲು ಹಾಕುವುದೇ ಸೈ ಎಂಬುದು ಅವರ ಹೆದರಿಕೆ, ಅದು ಸುಳ್ಳೂ ಅಲ್ಲ.

“ನನ್ನ ಒಬ್ಬಳ ಹೆಸರಲ್ಲೇ ಕಳಿಸ್ತೇನೆ ಸಾಹೇಬ್ರೇ,” ಎಂದರು ಶಂಕರಿಯವರು. “ಅವರು ಕೇಳಿದ್ರೆ ಆ ಹೆಂಗಸನ್ನು ಕೆಲಸದಿಂದ ತೆಗೆದಾಯಿತು ಅಂತ ಹೇಳಿ. ಬೇಕಾದ್ರೆ ನಿಜಕ್ಕೂ ತೆಗೀರಿ, ನನಗೆ ಬೇಸರ ಇಲ್ಲ.”

ಸಾಹೇಬರು ಪತ್ರವನ್ನು ಮನೆಗೆ ಒಯ್ದರು. ಮರುದಿನ ತಂದುಕೊಟ್ಟಾಗ ಶಂಕರಿಯವರ ಸಹಿಯ ಕೆಳಗೆ ಅವರ ಸಹಿಯೂ ಇತ್ತು. ಈ ಗ್ರಂಥ ಶಂಕರಿಯವರದ್ದಾದರೂ ಆ ಸಹಿಯನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು.

ಹೆದರಿದಂತೆಯೇ ಆಯಿತು. ಕಂಪೆನಿ ಪತ್ರಕ್ಕೆ ಉತ್ತರ ಕೊಡುವ ಬದಲು ಟಿಕೆಟು ಪುಸ್ತಕ ಕಳುಹಿಸುವುದನ್ನೇ ನಿಲ್ಲಿಸಿತು. ಶಂಕರಿಯವರು ಎರಡನೆಯ ಪತ್ರ ಬರೆದರು, ಮೂರನೆಯದನ್ನೂ ಬರೆದರು. ಟಿಕೆಟು ಬರೆಯುವ ಕೆಲಸ ಇಲ್ಲದ್ದರಿಂದ ದಾಖಲೆ ಸೇರಿಸಲು ಒಳ್ಳೆಯ ಬಿಡುವು ಸಿಕ್ಕಿತೆಂದು ನಮ್ಮನ್ನೇ ನಗಿಸಿದರು. ಬರೆದ ಪ್ರತಿ ಟಿಕೆಟಿನ ಕಾರ್ಬನ್ ಪ್ರತಿಯನ್ನೂ ತಿಂಗಳುವಾರು ಹುರಿಯಲ್ಲಿ ಕಟ್ಟಿಡುವುದು ಅವರ ಅಭ್ಯಾಸ. ಗೆದ್ದಲಿಗೆ ಆಹಾರವೆಂದು ನಾವು ಗೇಲಿ ಮಾಡುತ್ತಿದ್ದ ಆ ಕಟ್ಟುಗಳೆಲ್ಲ ಅಟ್ಟದಿಂದ ಇಳಿದವು. ಆದರೆ ಟಿಕೆಟು ಬರೆದದ್ದಕ್ಕೆ ಅವು ಸಾಕ್ಷಿಯೇ ಹೊರತು ಪ್ರಯಾಣ ಮಾಡಿದ್ದಕ್ಕಲ್ಲ. ಅದಕ್ಕೆ ಪಾಸ್‌ಪೋರ್ಟಿನ ಮೊಹರು ಬೇಕು. ಚಾಲ್ತಿಯ ಪಾಸ್‌ಪೋರ್ಟುಗಳು ಕೊಲ್ಲಿಯಲ್ಲಿದ್ದವು, ಅವುಗಳ ಪುಟಗಳ ಪ್ರತಿ ಅಂಚೆಯಲ್ಲಿ ಬರಬೇಕಿತ್ತು. ಅವಧಿ ಮುಗಿದವು ಮನೆಗಳಲ್ಲೇ ಇದ್ದವು.

ಆರು ಭಾನುವಾರ ಶಂಕರಿಯವರು ಕೊಡೆ ಮತ್ತು ಒಂದು ಚೀಲ ಹಿಡಿದು ಬಸ್ಸು ಹತ್ತಿದರು. ಮೂಡುಬಿದಿರೆಯಲ್ಲಿ ಕಾರ್ಡು ಸುಡುತ್ತೇನೆಂದಿದ್ದ ಉಮ್ಮರ್ ಅವರೇ ಮನೆಮನೆಗೆ ದಾರಿ ತೋರಿಸಿದರು. ಮುಂಡಾಜೆಯಲ್ಲಿ ದೇವಿಪ್ರಸಾದರ ಪತ್ನಿ ಅನ್ವಿತಾ ತಮ್ಮ ಮನೆಯದ್ದಲ್ಲದೆ ನೆರೆಯ ಮೂರು ಮನೆಗಳ ಪಾಸ್‌ಪೋರ್ಟುಗಳನ್ನೂ ಸೇರಿಸಿಟ್ಟಿದ್ದರು. ಕಪಾಟಿನ ಸೀರೆಗಳ ನಡುವಿನಿಂದ, ಮಕ್ಕಳ ಜಾತಕದ ಜೊತೆಯಿಂದ, ಮದುವೆಯ ಆಲ್ಬಮ್ಮಿನೊಳಗಿನಿಂದ ಹಳೆಯ ಪಾಸ್‌ಪೋರ್ಟುಗಳು ಹೊರಬಂದವು. ನಫೀಸಮ್ಮನ ಮನೆಗೆ ಹೋದಾಗ ಶಂಕರಿಯವರು ಕ್ಷಮೆಯ ದೊಡ್ಡ ಮಾತು ಆಡದೆ ಕಾರ್ಡನ್ನು ಹಿಂದಕ್ಕೆ ಕೊಟ್ಟು, ಇದು ನಿಮ್ಮದೇ, ನನ್ನ ಹತ್ತಿರ ಇರಬಾರದು ಎಂದರು. ಆಮೇಲೆ ಚಹಾ ಬಂತು, ಪಾಸ್‌ಪೋರ್ಟೂ ಬಂತು. ಹೀಗೆ ಅರವತ್ತಮೂರು ಮನೆಗಳ ಕಾಗದ ಪತ್ರ, ಪ್ರತಿಯೊಂದಕ್ಕೂ ರೇಶನ್ ಕಾರ್ಡಿನ ಪ್ರತಿ ಲಗತ್ತಿಸಿ ಸಿದ್ಧವಾಯಿತು.

ಮಾರ್ಚ್ ಎರಡನೆಯ ವಾರ ಸಲಾಂ ಸಾಹೇಬರೊಂದಿಗೆ ಆ ಕಟ್ಟನ್ನು ಹೊತ್ತು ಮುಂಬೈಗೆ ಹೋದರು. ಕಂಪೆನಿಯ ಅಧಿಕಾರಿ ಮೊದಲ ದಿನ ಭೇಟಿಗೆ ಒಪ್ಪಲಿಲ್ಲ, ಎರಡನೆಯ ದಿನವೂ ಇಲ್ಲ. ಮೂರನೆಯ ದಿನ, ಈ ಹೆಂಗಸು ಏಳುವವರಲ್ಲ ಎಂದು ಮನವರಿಕೆಯಾಗಿ ಒಳಗೆ ಕರೆದರು. ಕಾಗದಗಳನ್ನು ಮಗುಚಿ ನೋಡುತ್ತ, ನೀವು ಸುಮ್ಮನಿದ್ದು ಟಿಕೆಟು ತೆಗೆದಿದ್ದರೆ ನಾವು ಕಂಡುಹಿಡಿಯುತ್ತಲೇ ಇರಲಿಲ್ಲವಲ್ಲ, ಯಾಕೆ ಬರೆದಿರಿ ಎಂದು ಕೇಳಿದರಂತೆ. ಶಂಕರಿಯವರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಕೊಟ್ಟ ಉತ್ತರವನ್ನು ಸಾಹೇಬರು ಊರಿಗೆ ಬಂದು ನಮಗೆಲ್ಲ ಹೇಳಿದರು: “ನೀವು ಕಂಡುಹಿಡಿಯುತ್ತಿರಲಿಲ್ಲ, ಸರಿ. ಆದರೆ ರುಖಿಯಮ್ಮ ಹೋಗುತ್ತಿರಲಿಲ್ಲ.”

ಮನೆವಾರು ಖಾತೆಗೆ ಆ ವರ್ಷ ಜೂನಿನಲ್ಲಿ ಮಂಜೂರಾತಿ ಬಂತು, ಅಳಿಸುವುದನ್ನು ಅಲ್ಲಿಯವರೆಗೆ ತಡೆಹಿಡಿದಿದ್ದರು. ಒಂದೇ ವಿಳಾಸದ ಸಂಬಂಧಿಕರು ದಾಖಲೆ ಕೊಟ್ಟು ಒಟ್ಟಿಗೆ ಪಾಯಿಂಟು ಸೇರಿಸಬಹುದು. ಟಿಕೆಟು ಪುಸ್ತಕವೂ ಬಂತು. ಎಲ್ಲವನ್ನೂ ಗೆದ್ದೆವೆಂದು ಬರೆದರೆ ಶಂಕರಿಯವರೇ ಆ ಸಾಲನ್ನು ಹೊಡೆದು ಹಾಕಿಯಾರು. ಬಿಟ್ಟಿ ಟಿಕೆಟಿಗೆ ಏರಿಸಿದ ಪಾಯಿಂಟನ್ನು ಕಂಪೆನಿ ಇಳಿಸಲಿಲ್ಲ. ದಾಖಲೆ ಸಾಲದೆಂದು ಅರವತ್ತಮೂರರಲ್ಲಿ ಇಪ್ಪತ್ತೆರಡು ಮನೆಗಳ ಪಾಯಿಂಟು ಹೋಗಿಯೇ ಹೋಯಿತು. ಆ ಇಪ್ಪತ್ತೆರಡು ಮನೆಗಳಿಗೂ ಶಂಕರಿಯವರು ತಾವೇ ಹೋಗಿ ಸುದ್ದಿ ತಿಳಿಸಿದರು, ಕೆಲವು ಕಡೆ ಬೈಸಿಕೊಂಡೂ ಬಂದರು. ರುಖಿಯಮ್ಮನವರ ಖಾತೆಯಲ್ಲಿ ಹೊಸ ಲೆಕ್ಕಕ್ಕೆ ಸ್ವಲ್ಪ ಕೊರತೆಯಿತ್ತು. ಶಮೀರ್ ಮತ್ತು ಇರ್ಷಾದ್ ಮತ್ತೊಮ್ಮೆ ರಜೆಗೆ ಬಂದ ಮೇಲೆ ಅದು ತುಂಬಿ, ೨೦೦೪ರ ಏಪ್ರಿಲಿನಲ್ಲಿ ಶಮೀರನ ಜೊತೆ ತಾಯಿ ಹೊರಟರು. ಬೆಂಚಿನ ಮೇಲೆ ಕೂತು, ಸೊಂಟಕ್ಕೆ ಬೈರಾಸು ಕಟ್ಟಿಸಿಕೊಂಡೇ ಹೊರಟರು.

ನಿವೃತ್ತಿಯ ನಂತರ ಮನೆಯ ಜಗಲಿಯಲ್ಲಿ ಕುಳಿತು, ಅಕ್ಷರ ಬಾರದವರಿಗೆ ಪಾಸ್‌ಪೋರ್ಟಿನ ಅರ್ಜಿ ಬರೆದುಕೊಡುವುದಾಗಿ ಶಂಕರಿಯವರು ಘೋಷಿಸಿದ್ದಾರೆ. ಘೋಷಿಸಿದರೆಂದರೆ ಆಯಿತು, ಇನ್ನು ಯಾರೂ ತಡೆಯುವಂತಿಲ್ಲ. ಆದರೆ ಹೋದ ವಾರ ನಡೆದದ್ದೊಂದನ್ನು ಹೇಳಬೇಕು. ಈಗ ಎಪ್ಪತ್ತು ದಾಟಿದ ರುಖಿಯಮ್ಮನವರು ಸೊಸೆ ಮುರ್ಶಿದಾಳ ಕೈ ಹಿಡಿದು ಏಜೆನ್ಸಿಗೆ ಬಂದು, ಮನೆವಾರು ಖಾತೆಗೆ ಹೊಸ ಹೆಸರು ಸೇರಿಸುವ ಫಾರಂ ಕೇಳಿದರು. ಖಾತೆಯಲ್ಲಿ ಒಂದು ಟಿಕೆಟಿಗಾಗುವಷ್ಟು ಪಾಯಿಂಟು ಉಂಟು, ಮಂಗಳೂರಿನಿಂದಲೇ ಈಗ ವಿಮಾನವೂ ಉಂಟು. ಎಲ್ಲರನ್ನೂ ಹತ್ತಿಸಿದವಳು ಒಮ್ಮೆ ಹತ್ತಿ ಬರಲಿ ಎಂಬುದು ಅವರ ಹಟ. ವಿಳಾಸದ ಪುರಾವೆಯನ್ನು ಈಗ ಕಂಪೆನಿ ಕೇಳುವುದಿಲ್ಲ. ಸಂಬಂಧ ಏನೆಂದು ಬರೆದು ಸಹಿ ಹಾಕಿದರೆ ಸಾಕು. ಹೆಸರು ತುಂಬಿ ಆ ಕಾಲಮ್ಮಿಗೆ ಬಂದಾಗ ಶಂಕರಿಯವರ ಪೆನ್ನು ನಿಂತಿತು.

“ಮಗಳು ಅಂತ ಬರಿ,” ಎಂದರು ರುಖಿಯಮ್ಮ.

“ಸುಳ್ಳು ಬರೀಲಿಕ್ಕೆ ಆವತ್ತು ನೀವೇ ಬಿಡಲಿಲ್ಲ ಅಲ್ವಾ, ಅಮ್ಮ?”

“ಇವತ್ತೂ ಬಿಡುವುದಿಲ್ಲ. ನೀನು ಬರಿ.”

ಶಂಕರಿಯವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಬರೆಯಲಿಲ್ಲ. ಫಾರಂ ಇನ್ನೂ ಅವರ ಮೇಜಿನ ಖಾನೆಯಲ್ಲೇ ಇದೆ. ಅವರಿಗೆ ದೀರ್ಘಾಯುಷ್ಯವನ್ನೂ ಕೈಗಳಿಗೆ ಎಂದಿನ ಕಸುವನ್ನೂ, ಜಗಲಿಗೆ ಮುಗಿಯದಷ್ಟು ಅರ್ಜಿದಾರರನ್ನೂ ನಾವೆಲ್ಲ ಹಾರೈಸುತ್ತೇವೆ. ಒಂದು ವಿಮಾನ ಕಂಪೆನಿಯನ್ನೇ ಬಗ್ಗಿಸಿದ ಈ ಗಟ್ಟಿಗಿತ್ತಿಗೆ ಆ ಒಂದು ಪದ ಬರೆಯುವ ಧೈರ್ಯವೂ ಈ ತಿಂಗಳು ಮುಗಿಯುವುದರೊಳಗೆ ಬರಲಿ.